ಶಂಶಾಬಾದ್‌ಗೆ ಆರು ಫುಲ್, ಮೂರು ಹಾಫ್

ರಾಯಚೂರು–ಹೈದರಾಬಾದ್ ಬಸ್ಸಿನಲ್ಲಿ ಟಿಕೆಟ್ ಹರಿದವನಿಗೆ ಮಳೆ ಕೈಕೊಟ್ಟದ್ದು ತಿಳಿಯಲು ಪೇಪರ್ ಬೇಕಿರಲಿಲ್ಲ. ಹಿಂಗಾರಿ ಜೋಳ ಹೋದ ವರ್ಷ ಸಂಕ್ರಾಂತಿಗೂ ಮೊದಲೇ ಬಸ್ಸಿನ ಮೇಲೆ ಗಂಟು ಏರುತ್ತಿದ್ದವು: ಸಿಮೆಂಟ್ ಚೀಲ ಹೊಲಿದು ಅದರೊಳಗೆ ತುರುಕಿದ ಕೌದಿ, ಮಸಿ ಹಿಡಿದ ಬೋಗುಣಿ, ಅರ್ಧ ಚೀಲ ಜೋಳ. ನಾನು ನೋಡುತ್ತಿದ್ದುದು ರೊಟ್ಟಿ ಹಂಚನ್ನು. ಹಂಚು ಮನೆಯಲ್ಲೇ ಬಿಟ್ಟು ಬಂದಿದ್ದರೆ ಗಂಡಸರಷ್ಟೇ ಹೊರಟಿದ್ದಾರೆ, ತಿಂಗಳೊಪ್ಪತ್ತಿನಲ್ಲಿ ತಿರುಗಿ ಬರುತ್ತಾರೆ ಎಂದು ಲೆಕ್ಕ. ಹಂಚು ಬಸ್ಸಿಗೆ ಏರಿತೆಂದರೆ ಆ ಮನೆಗೆ ಬೀಗ ಬಿದ್ದಿದೆ, ಮುಂಗಾರಿನ ತನಕ ಅವರು ಊರಿನವರಲ್ಲ. ದೇವದುರ್ಗ, ಲಿಂಗಸುಗೂರು, ಸುರಪುರ ಕಡೆಯಿಂದ ರಾಯಚೂರಿಗೆ ಬಂದು ನಮ್ಮ ಬಸ್ಸು ಹಿಡಿಯುವವರು ಸೀಟು ಇದೆಯೇ ಎಂದು ಕೇಳುತ್ತಿರಲಿಲ್ಲ. ಏರಿ, ಎಂಜಿನ್ ಪಕ್ಕ ಗಂಟಿನ ಮೇಲೆ ಕುಳಿತು, ‘ಶಂಶಾಬಾದ್, ಆರು ಫುಲ್ಲು’ ಅನ್ನುತ್ತಿದ್ದರು. ಹಾಫ್ ಟಿಕೆಟಿನ ಮಾತನ್ನು ನಾನೇ ಎತ್ತಬೇಕಿತ್ತು.

ಆರು ತುಂಬದ ಮಕ್ಕಳಿಗೆ ಟಿಕೆಟಿಲ್ಲ, ಹನ್ನೆರಡರ ತನಕ ಅರ್ಧ. ‘ಇನ್ನಾ ಐದೂ ತುಂಬಿಲ್ರೀ ಸಾಹೇಬ್ರ’ ಎಂದು ತಾಯಿ ಹೇಳುವಾಗ ಆ ಹುಡುಗ ನಕ್ಕರೆ ಮುಗಿಯಿತು. ಮುಂದಿನ ಎರಡು ಹಲ್ಲು ಬಿದ್ದಿರುತ್ತಿದ್ದವು. ಡಿಪೋದಲ್ಲಿ ಹಳೆಯ ಕಂಡಕ್ಟರರು ಹೊಸಬರಿಗೆ ಹೇಳಿಕೊಡುತ್ತಿದ್ದ ಗುರುತು ಇದೇ. ಚೆಕಿಂಗ್‌ನವರು ಏರಿದರೆ ಹೊಣೆ ನನ್ನದು, ಹೀಗಾಗಿ ಬಹಳ ಸಲ ಹರಿದೆ, ಕೆಲವು ಸಲ ಆ ಹುಡುಗನಿಗೆ ಬಾಯಿ ಮುಚ್ಚಿ ಮಲಗು ಎಂದೆ. ಹೀಗೆ ಹಲ್ಲು ಬಿದ್ದ ವಯಸ್ಸಿನಲ್ಲಿ ಹೋದವರು ಶಾಲೆಯ ಹಾಜರಿ ಪುಸ್ತಕದಲ್ಲಿ ಅರ್ಧ ವರ್ಷ ಖಾಲಿ ಇರುತ್ತಿದ್ದರು. ಆಮೇಲೆ ಪೂರ್ತಿ.

ಹೈದರಾಬಾದ್ ಇನ್ನೂ ಮುಂದಿದ್ದರೂ ಇಷ್ಟು ಜನ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಮೊದಲೇ ಇಳಿಯುತ್ತಿದ್ದುದು ಯಾಕೆ? ಈಗ ನಿವೃತ್ತಿಯಾಗಿ ಮಗನ ಜೊತೆ ಇದೇ ಶಂಶಾಬಾದಿನಲ್ಲಿರುವುದರಿಂದ ಅದನ್ನು ವಿಚಾರಿಸಲು ಸಮಯ ಸಿಕ್ಕಿದೆ. ಜನ ಹೇಳುವ ಕಾರಣ ಒಂದೇ: ‘ನಮ್ಮವರು ಇಲ್ಲಿದ್ರು.’ ಅವರಿಗಿಂತ ಮುಂಚೆ ಇದ್ದ ‘ನಮ್ಮವರು’ ಯಾಕಿದ್ದರು ಎಂದು ಕೆದಕುತ್ತ ಹೋದರೆ ನೂರು ವರ್ಷ ದಾಟುತ್ತದೆ.

ಊರಿನ ಹೆಸರು ಪಾಯಿಗಾ ಮನೆತನದ ಶಂಸ್-ಉಲ್-ಉಮ್ರಾ ಎಂಬ ಬಿರುದಿನಿಂದ ಬಂದದ್ದು. ನಿಜಾಮರ ನಂತರದ ದೊಡ್ಡ ಜಹಗೀರುದಾರರು ಅವರೇ. ಬೀದರ ಸೀಮೆಯ ಚಿಟಗುಪ್ಪ, ಕಲಬುರ್ಗಿ ಸೀಮೆಯ ಆಳಂದ ಕೂಡ ಪಾಯಿಗಾ ಆಡಳಿತದಲ್ಲಿದ್ದವು. ಕಂದಾಯ ಕಟ್ಟುವ ಕನ್ನಡದ ಹಳ್ಳಿಗೂ ಹೈದರಾಬಾದಿನ ಬಾಗಿಲಲ್ಲಿದ್ದ ಈ ಊರಿಗೂ ಒಡೆಯರು ಒಂದೇ ಮನೆತನ. ಆದರೆ ಹಳ್ಳಿಯವನು ಒಡೆಯನ ಊರಿಗೆ ಬಂದರೆ ಕೂಲಿ ಸಿಗುತ್ತದೆ ಎಂಬ ಖಾತರಿಯೇನೂ ಇರಲಿಲ್ಲ. ರೊಕ್ಕ ಸಿಕ್ಕ ಕಡೆ ಹೋಗುತ್ತಿದ್ದರು. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲುಗಳು ರಾಯಚೂರಿನಲ್ಲಿ ಕೂಡಿದವು. ಐದು ವರ್ಷಕ್ಕೆ ಧಾತು ವರ್ಷದ ಬರ ಬಂತು. ಹೈದರಾಬಾದಿಗೆ ವಾಡಿಯ ಮೇಲಿಂದ ರೈಲು ಬಂದದ್ದು 1874ರಲ್ಲಿ. ಅಂದರೆ ನಮ್ಮವರಿಗೆ ಸ್ವಂತ ರಾಜಧಾನಿಗಿಂತ ಮುಂಬೈ, ಸೊಲ್ಲಾಪುರದ ದಾರಿ ಮೊದಲು ತೆರೆಯಿತು.

ಶಂಶಾಬಾದಿನ ಕಡೆ ಜನ ತಿರುಗಲು ಒಂದು ಮಹಾಪೂರ ಬೇಕಾಯಿತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ಸತ್ತವರು ಹದಿನೈದು ಸಾವಿರ ಎಂಬ ಅಂದಾಜಿದೆ. ಮರುವರ್ಷ ಮುಂಬೈ ಸರ್ಕಾರದ ಸೇವೆಯಿಂದ ಆಗಷ್ಟೇ ಹೊರಬಂದಿದ್ದ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿದರು. ಪೂರ ತಡೆಯಬೇಕಾದರೆ ಊರ ಮೇಲ್ಗಡೆಯೇ ನೀರು ಹಿಡಿಯಬೇಕು ಎಂದು ಅವರು ಯೋಜನೆ ಬರೆದುಕೊಟ್ಟು, ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೋದರು. ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ 1920ಕ್ಕೆ ಮುಗಿಯಿತು. ಅದರ ಉಪನದಿ ಈಸಿಗೆ ಕಟ್ಟಿದ ಹಿಮಾಯತ್ ಸಾಗರ 1927ಕ್ಕೆ. ಈ ಎರಡನೆಯದರ ನೀರು ಶಂಶಾಬಾದಿನ ಸೆರಗಿಗೇ ಇದೆ.

ನಮ್ಮಲ್ಲಿ ವಿಶ್ವೇಶ್ವರಯ್ಯನವರ ಬಗ್ಗೆ ಬರೆದದ್ದಕ್ಕೆ ಕೊನೆಯಿಲ್ಲ. ಕಲ್ಲು ಒಡೆದವರ, ಮಣ್ಣು ಹೊತ್ತವರ ಬಗ್ಗೆ ಬರೆದದ್ದು ಹುಡುಕಬೇಕು. ಬಸ್ಸಿನಲ್ಲಿ ಒಮ್ಮೆ ವಡ್ಡರ ಮುದುಕರೊಬ್ಬರು ಕಿಟಕಿಯಿಂದ ಕೈ ತೋರಿಸಿ, ‘ನಮ್ಮಜ್ಜ ಈ ಕೆರಿಗೆ ಕಲ್ಲು ಹೊತ್ತಾನ್ರೀ’ ಅಂದರು. ಅವರಿಗೆ ಅದು ಕೆರೆಯೇ. ತೂಕ ಹಾಕಿ ನೋಡುವ ದಾಖಲೆ ನನ್ನ ಕೈಯಲ್ಲಿಲ್ಲ, ಆದರೆ ನಂಬದಿರಲೂ ಕಾರಣವಿಲ್ಲ. ಅಣೆಕಟ್ಟು ಕಟ್ಟುವ ಕೆಲಸದಲ್ಲಿ ಪಾಲಮೂರಿನ, ಅಂದರೆ ಮಹಬೂಬ್‌ನಗರದ ಕೂಲಿಗಳು ಮುಂದೆ ಇಡೀ ದೇಶಕ್ಕೇ ಹೆಸರಾದರು. ಊರಿಂದ ಊರಿಗೆ ಇಡೀ ಗುಂಪನ್ನು ಒಯ್ಯುವವನು ಮೇಸ್ತ್ರಿ. ಮನೆಯಲ್ಲಿ ಕಾಳು ತೀರಿದ ತಿಂಗಳು ಬಂದು ಮುಂಗಡ ಕೊಟ್ಟು ಹೋಗುತ್ತಾನೆ, ಆ ಮುಂಗಡ ತೀರುವ ತನಕ ಅವನು ಹೇಳಿದ ಕಡೆ ದುಡಿಯಬೇಕು. ಆಗ ಮಹಬೂಬ್‌ನಗರಕ್ಕೆ ಸೇರಿದ್ದ ಮಕ್ತಲ್, ನಾರಾಯಣಪೇಟೆ, ಕೃಷ್ಣಾ ಕಡೆಯ ಹಲವು ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಪಾಲಮೂರು ಮೇಸ್ತ್ರಿಯ ಕೈ ನಮ್ಮ ದೇವದುರ್ಗದ ತನಕ ಚಾಚಿದ್ದು ಈ ಹಳ್ಳಿಗಳ ನೆಂಟಸ್ತಿಕೆಯಿಂದ. ಕೊಟ್ಟು ತಂದ ಮನೆಗಳಲ್ಲವೇ, ಅಳಿಯ ಕೆಲಸಕ್ಕೆ ಹೋದಲ್ಲಿಗೆ ಭಾವಮೈದುನ.

ಕಟ್ಟಿ ಮುಗಿದ ಮೇಲೆ ಕೆರೆಗೆ ಕೂಲಿ ಬೇಡ. ಇದನ್ನು ಶಂಶಾಬಾದಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ.

ಈ ನಡುವೆ ರಾಜ್ಯದ ಗಡಿಯೆಂಬ ಒಂದು ಗೆರೆ ಬಿತ್ತು. ಅದಕ್ಕೂ ಮೊದಲು ನಿಜಾಮ ಸರ್ಕಾರದಲ್ಲಿ ನೌಕರಿಗೆ ‘ಮುಲ್ಕಿ’ ಆಗಿರಬೇಕು ಎಂಬ 1919ರ ಫರ್ಮಾನು ಇತ್ತು. ಸಂಸ್ಥಾನದಲ್ಲಿ ಹುಟ್ಟಿದವನು, ಇಲ್ಲವೇ ಹದಿನೈದು ವರ್ಷ ನೆಲೆಸಿದವನು ಮುಲ್ಕಿ. ಬೀದರ, ಕಲಬುರ್ಗಿ, ರಾಯಚೂರಿನವರು ಹುಟ್ಟು ಮುಲ್ಕಿಗಳು. ಉರ್ದು ಬಾರದ ಕನ್ನಡದ ಹುಡುಗನಿಗೆ ಕಚೇರಿ ಬಾಗಿಲು ತೆರೆಯುತ್ತಿರಲಿಲ್ಲ ಎನ್ನುವುದು ಬೇರೆ, ಹೊರಗಿನವನೆಂದು ಮಾತ್ರ ಅನ್ನುವಂತಿರಲಿಲ್ಲ. 1956ರ ನವೆಂಬರ್ 1ರಂದು ಮೂರೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಕಲಬುರ್ಗಿಯ ಕೊಡಂಗಲ್, ತಾಂಡೂರು, ರಾಯಚೂರಿನ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಏಕೀಕರಣ ಆಗಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ರಾಯಚೂರಿನ ಕೂಲಿಯವನಿಗೆ ಬೆಂಗಳೂರು ಒಂದು ರಾತ್ರಿಯ ಹಾದಿ, ಹೈದರಾಬಾದ್ ಊಟದ ಹೊತ್ತಿಗೆ ಮುಟ್ಟುವ ಊರು. ಅವನು ಹಳೆಯ ದಾರಿಯಲ್ಲೇ ನಡೆದ. ಬೆಳಗಾಗುವಷ್ಟರಲ್ಲಿ ಮುಲ್ಕಿ ಹೋಗಿ ಪರರಾಜ್ಯದವನಾಗಿದ್ದ, ಅಷ್ಟೇ.

ಆ ಗೆರೆಯ ಬೆಲೆ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ವರ್ಷ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕೆ.ಜಿ.ಗೆ 2 ರೂಪಾಯಿಯಂತೆ ಅಕ್ಕಿ ಕೊಡಲು ಶುರುಮಾಡಿತು. ಒಂದೇ ಗೋಡೆಗೆ ಇಟ್ಟಿಗೆ ಹೊರುತ್ತಿದ್ದ ಇಬ್ಬರಲ್ಲಿ ಶಾದ್‌ನಗರದವಳಿಗೆ ಆ ಅಕ್ಕಿ, ದೇವದುರ್ಗದವಳಿಗೆ ಕಿರಾಣಿ ಅಂಗಡಿಯ ಉದ್ರಿ. ಬಸ್ಸಿನ ಮೇಲೆ ಜೋಳದ ಚೀಲ ಏರುತ್ತಿದ್ದುದು ಅದಕ್ಕೇ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಿತ್ತು, ಪ್ರತಿ ಆಳಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು, ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಭತ್ಯೆ ಕೊಡಬೇಕಿತ್ತು. ನನ್ನ ಬಸ್ಸು ಹತ್ತಿದವರ ಸೊಂಟದ ಗಂಟಿನಲ್ಲಿ ಎಲೆ ಅಡಿಕೆ, ಬೀಡಿ, ಮಡಚಿದ ನೋಟು ಕಂಡಿದ್ದೇನೆ. ಅಂಥ ಪಾಸ್‌ಬುಕ್ ಕಂಡಿಲ್ಲ.

ಆಗಿನ ಶಂಶಾಬಾದ್ ನೋಡಿದವರಿಗೆ ದ್ರಾಕ್ಷಿ ತೋಟ ನೆನಪಿರಬೇಕು. ಹೈದರಾಬಾದಿನ ಸುತ್ತ ಅನಾಬ್-ಎ-ಶಾಹಿ ಎಂಬ ಉದ್ದನೆಯ ತಿಳಿಹಸಿರು ದ್ರಾಕ್ಷಿ ಬೆಳೆಯುತ್ತಿದ್ದರು. ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಬಳ್ಳಿ ಕತ್ತರಿಸಬೇಕು, ಅದಕ್ಕೆ ಕೈ ಪಳಗಿದವರೇ ಬೇಕು. ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕು ಎಂದು ಬಲ್ಲ ಹೆಂಗಸರಿಗೆ ತೋಟದವರು ಬಸ್ ಚಾರ್ಜು ಕೊಟ್ಟು ಕರೆಸುತ್ತಿದ್ದರು. ಶಂಶಾಬಾದಿನಲ್ಲಿ ನಮ್ಮವರಿಗೆ ಕುಶಲದ ಕೆಲಸಗಾರರೆಂಬ ಮರ್ಯಾದೆ ಸಿಕ್ಕಿದ್ದು ಇದೊಂದರಲ್ಲಿ ಎಂದು ನನ್ನ ಎಣಿಕೆ. ಉಳಿದಂತೆ ಗಗನ್‌ಪಹಾಡಿನ ಕಲ್ಲು, ಕಾಟೇದಾನಿನ ಸಣ್ಣ ಫ್ಯಾಕ್ಟರಿಗಳು, ಮತ್ತು ಬೆಳಿಗ್ಗೆ ಕೂಲಿಗೆ ಕರೆಯುವವರನ್ನು ಕಾಯುತ್ತ ಅಡ್ಡಾದಲ್ಲಿ ನಿಲ್ಲುವುದು. ಅಡ್ಡಾದಲ್ಲಿ ಗೌಂಡಿ ಕರಣೆ ಹಿಡಿದು ಮುಂದೆ ನಿಲ್ಲುತ್ತಾನೆ, ಬಿಗಾರಿ ಬುಟ್ಟಿ ಹಿಡಿದು ಹಿಂದೆ. ಹತ್ತು ಗಂಟೆಯ ಮೇಲೂ ಉಳಿದವನು ಕೇಳಿದ ಕೂಲಿಗೆ ಒಪ್ಪಿ ಹೋಗುತ್ತಾನೆ, ಇಲ್ಲವೇ ಶೆಡ್ಡಿಗೆ ನಡೆಯುತ್ತಾನೆ.

ವಿಮಾನ ನಿಲ್ದಾಣದ ಸುದ್ದಿ ಬಂದದ್ದೇ ತೋಟಗಳು ಪ್ಲಾಟಾದವು. ಮಾಮಿಡಿಪಲ್ಲಿ, ಗೊಲ್ಲಪಲ್ಲಿ ಮೊದಲಾದ ಹಳ್ಳಿಗಳ ನೆಲ ಸೇರಿ ಸುಮಾರು 5,500 ಎಕರೆ. 2005ರಲ್ಲಿ ಅಡಿಗಲ್ಲು, 2008ರ ಮಾರ್ಚ್ 23ರಿಂದ ವಿಮಾನಗಳ ಹಾರಾಟ. ಆ ಮೂರು ವರ್ಷ ನಮ್ಮ ಬಸ್ಸಿನ ಕಲೆಕ್ಷನ್ ಯಾವತ್ತೂ ಇಲ್ಲದಷ್ಟು. ರನ್‌ವೇ, ರಿಂಗ್ ರೋಡ್, ಮೆಹದಿಪಟ್ಟಣದಿಂದ ಆರಾಮ್‌ಘರ್ ತನಕದ ಮೇಲುಸೇತುವೆ ಎಲ್ಲ ಒಟ್ಟಿಗೇ ನಡೆದಿದ್ದವು. ಅಡ್ಡಾದಲ್ಲಿ ಎಂಟು ಗಂಟೆಗೆ ಆಳು ಸಿಗುತ್ತಿರಲಿಲ್ಲವಂತೆ. ಹಂಚಿನ ಜೊತೆ ಟಿ.ವಿ. ಡಬ್ಬಿಯೂ ಬಸ್ಸಿನ ಮೇಲೆ, ಅದೂ ಊರಿನ ಕಡೆಗೆ, ಏರಿದ್ದನ್ನು ಕಂಡದ್ದು ಆಗಲೇ.

ನಿಲ್ದಾಣ ಮುಗಿಯಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಬಿತ್ತು. 2009ರ ಜನವರಿ 7ರಂದು ಸತ್ಯಂ ಕಂಪನಿಯ ಸುಳ್ಳು ಲೆಕ್ಕ ಹೊರಬಿತ್ತು. ಇವೆಲ್ಲ ಇಂಗ್ಲಿಷ್ ಪೇಪರಿನ ಸಂಗತಿ ಎಂದುಕೊಂಡಿದ್ದೆವು. ತಿಂಗಳೊಳಗೆ ಅರ್ಧ ಎದ್ದ ಅಪಾರ್ಟ್‌ಮೆಂಟುಗಳ ಮೇಲೆ ಕಬ್ಬಿಣದ ಸರಳು ತುಕ್ಕು ಹಿಡಿಯತೊಡಗಿದಾಗ ಬಸ್ಸಿನಲ್ಲಿ ಇಂಥ ಮಾತು: ‘ಮೇಸ್ತ್ರಿ ಮುಂಗಡ ಕೊಡವಲ್ಲ.’ ಮುಂಗಡ ಸಾಲವೇ ಆದರೂ ಅದು ನಿಂತರೆ ಭಯ. ಯುಗಾದಿಗೆ ಹೋಗಬೇಕಾದವರು ಶಿವರಾತ್ರಿಗೇ ಊರಿನ ಬಸ್ಸು ಹತ್ತಿದರು. ಊರಲ್ಲಿ ಆ ಹೊತ್ತಿಗೆ ಉದ್ಯೋಗ ಖಾತ್ರಿ ಇತ್ತು. 2006ರಲ್ಲಿ ಕರ್ನಾಟಕದ ಮೊದಲ ಐದು ಜಿಲ್ಲೆಗಳಲ್ಲಿ ರಾಯಚೂರು, ಬೀದರ, ಕಲಬುರ್ಗಿ ಮೂರೂ ಸೇರಿದ್ದವು. ನೂರು ದಿನದ ಆ ಕೆಲಸವನ್ನು ಬೈಯುತ್ತಿದ್ದವರು ಬಹಳ. ಕೂಲಿ ಜಮೆಯಾಗಲು ತಡವಾಗುತ್ತಿತ್ತು ಎನ್ನುವುದೂ ನಿಜ. ಆದರೆ ಮೇಸ್ತ್ರಿಗೆ ‘ಈ ವರ್ಷ ಬರಂಗಿಲ್ಲ’ ಎಂದು ಹೇಳುವ ಬಾಯಿ ಕೆಲವರಿಗಾದರೂ ಬಂದದ್ದು ಅದರಿಂದ.

2016ರ ನವೆಂಬರ್ 8ರ ನಂತರದ ಎರಡು ವಾರ ನನ್ನ ಚೀಲ ಬ್ಯಾಂಕಾಯಿತು. ರದ್ದಾದ 500ರ ನೋಟನ್ನು ಸರ್ಕಾರಿ ಬಸ್ಸಿನಲ್ಲಿ ಕೆಲವು ದಿನ ತೆಗೆದುಕೊಳ್ಳಬೇಕೆಂದು ಆದೇಶವಿತ್ತು. ಮೇಸ್ತ್ರಿಗಳು ವಾರದ ಬಟವಾಡೆಯನ್ನೆಲ್ಲ ಹಳೆಯ ನೋಟಿನಲ್ಲೇ ತೀರಿಸಿದ್ದರು. ಬ್ಯಾಂಕ್ ಖಾತೆ ಊರಲ್ಲಿ, ದುಡ್ಡು ಶಂಶಾಬಾದಿನಲ್ಲಿ. ಊರಿಗೆ ಹೋಗುವ ಕೆಲಸವಿಲ್ಲದವರೂ ನೋಟು ಮುರಿಸಲೆಂದೇ ಬಸ್ಸು ಹತ್ತಿದರು. ಚಿಲ್ಲರೆ ಇಲ್ಲದೆ ಟಿಕೆಟಿನ ಹಿಂದೆ ಬಾಕಿ ಬರೆದು ಕೊಟ್ಟೆ. ಅದನ್ನು ತಂದು ತೋರಿಸಿ ವಸೂಲು ಮಾಡಿದವರು ಕೆಲವರೇ.

2020ರ ಮಾರ್ಚ್ ಬರುವಷ್ಟರಲ್ಲಿ ನಾನು ನಿವೃತ್ತ. ಲಾಕ್‌ಡೌನಿನಲ್ಲಿ ಬಸ್ಸೇ ಇಲ್ಲದ ಬೆಂಗಳೂರು ಹೆದ್ದಾರಿಯಲ್ಲಿ ಜನ ನಡೆಯುವುದನ್ನು ನಮ್ಮ ಮಾಳಿಗೆಯಿಂದ ನೋಡಿದೆ. ತೆಲಂಗಾಣ ಸರ್ಕಾರ ವಲಸೆಗಾರರಿಗೆ ತಲೆಗೆ 12 ಕೆ.ಜಿ. ಅಕ್ಕಿ, 500 ರೂಪಾಯಿ ಎಂದು ಘೋಷಿಸಿತು, ನಮ್ಮ ಓಣಿಯ ಶೆಡ್ಡಿನವರಿಗೆ ಅದು ಬಂತು ಕೂಡ. ಯಾವ ರಾಜ್ಯದ ಪಡಿತರ ಚೀಟಿಯಾದರೂ ನಡೆಯುವ ವ್ಯವಸ್ಥೆಗೆ ಕರ್ನಾಟಕ, ತೆಲಂಗಾಣ ಎರಡೂ ಅದೇ ಜನವರಿಯಲ್ಲಿ ಸೇರಿದ್ದವು. ಶೆಡ್ಡಿನಲ್ಲಿ ಅದನ್ನು ಕೇಳಿ ಬಲ್ಲವರು ಒಬ್ಬರೂ ಇರಲಿಲ್ಲ.

ಗೆರೆ ಇನ್ನೂ ಅಳಿಸಿಲ್ಲ. 2023ರ ಜೂನಿನಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ, ಡಿಸೆಂಬರಿನಿಂದ ತೆಲಂಗಾಣದಲ್ಲಿ ಮಹಾಲಕ್ಷ್ಮಿ. ಎರಡೂ ಸರ್ಕಾರದವರು ತಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ, ತಮ್ಮ ಗಡಿಯೊಳಗೆ ಉಚಿತ ಟಿಕೆಟ್ ಕೊಡುತ್ತಾರೆ. ದುಡಿಯಲು ಶಂಶಾಬಾದಿಗೆ ಬರುವ ರಾಯಚೂರಿನ ಹೆಂಗಸಿಗೆ ಅಂತರರಾಜ್ಯ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ, ಕೃಷ್ಣಾ ನದಿ ದಾಟಿದ ಮೇಲೆ ಮಹಾಲಕ್ಷ್ಮಿಗೆ ಅವಳ ಆಧಾರ್ ವಿಳಾಸ ಹೊಂದುವುದಿಲ್ಲ. ಅದೇ ಬಸ್ಸಿನ ಗಂಡಸರ ಪಕ್ಕದಲ್ಲಿ ಅವಳೂ ಪೂರ್ತಿ ಚಾರ್ಜು ಕೊಡುತ್ತಾಳೆ.

ಈಗ ಅಡ್ಡಾದಲ್ಲಿ ಹಿಂದಿ, ಒಡಿಯಾ ಹೆಚ್ಚು. ನಮ್ಮ ಕಡೆಯ ಹುಡುಗರು ಹತ್ತನೇ ಕ್ಲಾಸ್ ಮುಟ್ಟಿದ್ದಾರೆ, ಬುಟ್ಟಿ ಹಿಡಿಯಲು ನಾಚುತ್ತಾರೆ. ವಿಮಾನ ನಿಲ್ದಾಣದ ಹೌಸ್‌ಕೀಪಿಂಗ್, ಗೋದಾಮಿನ ಲೋಡಿಂಗ್, ಫಂಕ್ಷನ್ ಹಾಲಿನ ವಾಚ್‌ಮನ್ ಕೆಲಸಕ್ಕೆ ಏಜೆನ್ಸಿಗಳ ಮೂಲಕ ಸೇರುತ್ತಾರೆ. ಏಜೆನ್ಸಿ ಅಂದರೆ ಮೇಸ್ತ್ರಿಯೇ, ಪ್ಯಾಂಟು ಹಾಕಿಕೊಂಡು ಬಂದಿದ್ದಾನೆ. ವ್ಯತ್ಯಾಸ ಒಂದೇ: ಮೇಸ್ತ್ರಿ ಮೊದಲು ಮುಂಗಡ ಕೊಡುತ್ತಿದ್ದ, ಇವರಲ್ಲಿ ಕೆಲವರು ಯೂನಿಫಾರ್ಮಿನ ಹೆಸರಿನಲ್ಲಿ ಮೊದಲು ಇಸಿದುಕೊಳ್ಳುತ್ತಾರೆ.

ಮೊನ್ನೆ ತಂಗಿಯ ಮಗ ಫೋನ್ ಮಾಡಿದ್ದ. ‘ಮಾಮಾ, ಅಲ್ಲಿ ಏನರ ಕೆಲಸ ಅದನ್ರಿ?’

‘ಅದ ಬಾ. ಆಧಾರ್, ಎರಡು ಫೋಟೊ, ಮಾರ್ಕ್ಸ್ ಕಾರ್ಡ್ ತೊಗೊಂಡು ಬಾ. ಇಲ್ಲಿ ಯಾರರ ಮೊದಲ ರೊಕ್ಕ ಕೇಳಿದ್ರ ಕೊಡಬ್ಯಾಡ, ನನಗ ಹೇಳು. ಪಿ.ಎಫ್. ಹಿಡೀತಾರೇನು, ಹಿಡಿದದ್ದರ ನಂಬರ್ ಕೊಡ್ತಾರೇನು ಅಂತ ಕೇಳು. ರೂಮು ಸಿಗೂ ತನಕ ನಮ್ಮನ್ಯಾಗ ಇರು.’

‘ಗೆಳೆಯ ಒಬ್ಬ ಬರ್ತೀನಿ ಅಂತಾನ್ರಿ.’

‘ಅವನ್ನೂ ಕರ್ಕೊಂಡು ಬಾ,’ ಎಂದೆ. ‘ಆದ್ರ ಶನಿವಾರ ರಾತ್ರಿ ಬಸ್ಸು ಬ್ಯಾಡ, ಸೀಟು ಸಿಗಂಗಿಲ್ಲ.’