ಠಾಣೆಯ ಪುಸ್ತಕದಲ್ಲಿ ಏನು ಬರೆದಿದೆ?

ಕಡಬ ಪೇಟೆಯ ಪೊಲೀಸ್ ಠಾಣೆಯನ್ನು ನಿಮ್ಮಲ್ಲಿ ಅನೇಕರು ಹೊರಗಿನಿಂದ ನೋಡಿರುತ್ತೀರಿ. ಒಳಗಿನ ಕಪಾಟುಗಳಲ್ಲಿ ಏನಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ಮನೆಯಲ್ಲಿ ಹಿರಿಯರು ಹೇಳುವುದುಂಟು: "ಅಜ್ಜನ ಕಾಲದಲ್ಲಿ ಆ ತೋಟದ ಗಡಿಯ ಗಲಾಟೆಗೆ ಪೊಲೀಸ್ ಕೇಸಾಗಿತ್ತಂತೆ." ಆಗಿತ್ತೇ? ಯಾರ ಮೇಲೆ? ಬರೆದದ್ದು ಏನು? ಇಂದು ಇದನ್ನು ನೀವು ಒಂದು ಹಾಳೆಯ ಮೇಲೆ ಬರೆದು ಕೇಳಬಹುದು. ಆದರೆ ಈ ಹಾಳೆ ನಮ್ಮ ಕೈಗೆ ಬರಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕಥೆಯನ್ನು 1837ರಿಂದ ಆರಂಭಿಸೋಣ. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡು, ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಿನಲ್ಲಿ ಕೊಡಬೇಕೆಂದಾಗ ರೈತರಿಗೆ ದಿಕ್ಕು ತೋಚದಾಯಿತು. 1837ರ ಮಾರ್ಚ್ ಕೊನೆಯಲ್ಲಿ ಜನ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕು ಕಚೇರಿಗೆ ಬೆಂಕಿಯಿಟ್ಟರು. ಕಣ್ಣಾನೂರಿನಿಂದ ಸೈನ್ಯ ಬಂದ ಮೇಲೆ ಎಲ್ಲವೂ ಮುಗಿಯಿತು. ನಾಯಕರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಈಗ ಹೆಸರನ್ನು ಗಮನಿಸಿ. ಸರ್ಕಾರಿ ಕಾಗದಗಳಲ್ಲಿ ಇದು ದಂಗೆ. ಜನರ ಬಾಯಲ್ಲಿ ಬಹುಕಾಲ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಸುಲಿಗೆ, ಉಪಟಳ ಎಂಬ ಧ್ವನಿ. ಇಂದು ನಾವು ಅದನ್ನು ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ ಎನ್ನುತ್ತೇವೆ. ಅದೇ ಹೋರಾಟದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸ್ಥಾಪನೆಯಾಯಿತು. ಬರೆಯುವ ಲೇಖನಿ ಒಬ್ಬರ ಕೈಯಲ್ಲೇ ಇದ್ದು, ಬರೆದದ್ದನ್ನು ಓದುವ ಅವಕಾಶ ಬೇರೆ ಯಾರಿಗೂ ಇಲ್ಲದಿದ್ದಾಗ ಹೆಸರನ್ನು ತಿದ್ದಲು ಎಷ್ಟು ತಲೆಮಾರು ಬೇಕಾಯಿತು ನೋಡಿ.

ಆ ಕಾಲಕ್ಕೆ ಪೊಲೀಸ್ ಠಾಣೆ ಎಂಬುದೇ ಇಂದಿನ ರೂಪದಲ್ಲಿ ಇರಲಿಲ್ಲ. ಮದರಾಸು ಪ್ರಾಂತ್ಯದಲ್ಲಿ 1816ರ ನಿಯಮದಂತೆ ಊರಿನ ಪಟೇಲ, ಮೇಲೆ ತಹಸೀಲ್ದಾರ, ಅವನ ಮೇಲೆ ಕಲೆಕ್ಟರ್ ಇವರೇ ಪೊಲೀಸರು. ಕಂದಾಯ ವಸೂಲಿ ಮಾಡುವವನೇ ಕಳ್ಳನನ್ನೂ ಹಿಡಿಯಬೇಕು! ಪ್ರತ್ಯೇಕ ಪೊಲೀಸ್ ಪಡೆ ಬಂದದ್ದು 1859ರ ಮದರಾಸು ಕಾಯಿದೆಯಿಂದ. 1861ರಲ್ಲಿ ಇಡೀ ದೇಶಕ್ಕೆ ಅನ್ವಯಿಸಲೆಂದು ಪೊಲೀಸ್ ಕಾಯಿದೆಯೂ ದಂಡ ಪ್ರಕ್ರಿಯಾ ಸಂಹಿತೆಯೂ ಬಂದವು. ಬಂದ ದೂರನ್ನು ಬರೆದಿಡಬೇಕು, ಠಾಣೆಯಲ್ಲಿ ದಿನಚರಿ ಇಡಬೇಕು ಎಂಬುದು ಆಗಲೇ ನಿಗದಿಯಾಯಿತು.

ನಾನು ವಿಜ್ಞಾನ ಓದಿದವನು. ನಮ್ಮ ಪ್ರಯೋಗಾಲಯದಲ್ಲಿ ಎರಡು ಪುಸ್ತಕ ಇರುತ್ತಿದ್ದವು: ಕಂಡದ್ದನ್ನು ಕಂಡ ಕ್ಷಣವೇ ಬರೆಯುವ ಒರಟು ಪುಸ್ತಕ, ಆಮೇಲೆ ಚೆಂದವಾಗಿ ನಕಲು ಮಾಡಿದ ರೆಕಾರ್ಡು. ಮೇಷ್ಟರು ಅನುಮಾನ ಬಂದಾಗ ಕೇಳುತ್ತಿದ್ದುದು ಒರಟು ಪುಸ್ತಕವನ್ನೇ. ಠಾಣೆಯ ದಿನಚರಿ ಮತ್ತು ಪ್ರಥಮ ವರ್ತಮಾನ ವರದಿ (ನೀವೆಲ್ಲ ಎಫ್‌ಐಆರ್ ಎನ್ನುವುದು ಇದನ್ನೇ) ಆ ಒರಟು ಪುಸ್ತಕದಂತೆ. ದಿನ, ಗಂಟೆ, ಕ್ರಮಸಂಖ್ಯೆ ಹಾಕಿ ಬರೆಯುವುದರಿಂದ ಆಮೇಲೆ ನಡುವೆ ಏನನ್ನಾದರೂ ತುರುಕುವುದು ಕಷ್ಟ. ಅದರ ಬೆಲೆ ಇರುವುದೇ ಅಲ್ಲಿ.

ಆದರೆ ಆ ಪುಸ್ತಕ ಸಾಮಾನ್ಯರಿಗೆ ಮುಚ್ಚಿದ ಪುಸ್ತಕವೇ ಆಗಿತ್ತು. 1923ರ ಅಧಿಕೃತ ರಹಸ್ಯಗಳ ಕಾಯಿದೆ ಕಚೇರಿಗಳಿಗೆ ಬಾಯಿ ಮುಚ್ಚಿಕೊಂಡಿರುವುದನ್ನೇ ಕಲಿಸಿತು. ದೂರು ಕೊಟ್ಟವನಿಗೆ ಎಫ್‌ಐಆರ್ ನಕಲನ್ನು ಉಚಿತವಾಗಿ ಕೊಡಬೇಕು ಎಂಬ ಮಾತು ಸ್ಪಷ್ಟವಾಗಿ ಬಂದದ್ದು 1973ರ ಸಂಹಿತೆಯಲ್ಲಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಹಕ್ಕನ್ನು ಸಂತ್ರಸ್ತರಿಗೂ ಕೊಟ್ಟಿದೆ.

ದೂರುದಾರನಲ್ಲದ ಸಾಮಾನ್ಯ ನಾಗರಿಕನ ಹಕ್ಕಿನ ಮಾತು ಬಂದದ್ದು ಒಂದು ಚುನಾವಣಾ ತಕರಾರಿನಲ್ಲಿ. ಇಂದಿರಾ ಗಾಂಧಿಯವರ ಆಯ್ಕೆಯನ್ನು ಪ್ರಶ್ನಿಸಿದ ರಾಜನಾರಾಯಣರು ಪ್ರಧಾನಿಯ ಪ್ರವಾಸದ ರಕ್ಷಣಾ ಏರ್ಪಾಡುಗಳ 'ನೀಲಿ ಪುಸ್ತಕ'ವನ್ನು ಹಾಜರುಪಡಿಸಬೇಕೆಂದು ಕೇಳಿದರು. ಉತ್ತರ ಪ್ರದೇಶ ಸರ್ಕಾರ ಕೊಡಲೊಪ್ಪಲಿಲ್ಲ. 1975ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮೇಲ್ಮನವಿಯನ್ನು ಪುರಸ್ಕರಿಸಿತೆಂಬುದು ನಿಜ. ಆದರೂ ದಾಖಲೆಯನ್ನು ಹೊರಗಿಡಬೇಕೋ ಬೇಡವೋ ಎಂಬುದರ ಕೊನೆಯ ತೀರ್ಮಾನ ನ್ಯಾಯಾಲಯದ್ದು ಎಂದಿತು. ಸಾರ್ವಜನಿಕ ಅಧಿಕಾರಿಗಳು ಮಾಡುವ ಸಾರ್ವಜನಿಕ ಕೆಲಸವನ್ನು ತಿಳಿಯುವ ಹಕ್ಕು ಜನರಿಗಿದೆ ಎಂದು ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಬರೆದರು. ಸೋತವನ ಮೊಕದ್ದಮೆಯಿಂದಲೂ ಒಳ್ಳೆಯ ಮಾತು ಹುಟ್ಟುತ್ತದೆ.

ಮುಂದೆ 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗರು ತಮ್ಮ ಕೂಲಿಯ ಹಾಜರಿ ಪಟ್ಟಿಯನ್ನು ತೋರಿಸಿ ಎಂದು ಕೇಳಿದರು. ನಮ್ಮ ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯಿದೆ ಮಾಡಿತ್ತು. ದೇಶದ ಕಾಯಿದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು.

ಇನ್ನು ನಿಮ್ಮ ಅರ್ಜಿಯ ವಿಷಯ. ಮೊದಲ ಪ್ರಶ್ನೆ, ಯಾರಿಗೆ ಬರೆಯಬೇಕು? ಜಿಲ್ಲೆಯ ದೊಡ್ಡ ಊರು ಮಂಗಳೂರು ಎಂದು ಅಲ್ಲಿಯ ಪೊಲೀಸ್ ಕಮಿಷನರರಿಗೆ ಬರೆದುಬಿಡುವುದು ಸುಲಭವಾಗಿ ಆಗುವ ತಪ್ಪು. ಕಮಿಷನರೇಟ್ 2010ರಲ್ಲಿ ಆದದ್ದು ನಗರ ಮತ್ತು ಅದರ ಸುತ್ತಿನ ಠಾಣೆಗಳಿಗೆ. ಕಡಬ, ಪುತ್ತೂರು, ಸುಳ್ಯ ಠಾಣೆಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಕೆಳಗೆ ಬರುತ್ತವೆ. ಹೆದರಬೇಡಿ, ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕೆಂದು ಕಾಯಿದೆಯೇ ಹೇಳುತ್ತದೆ. 'ಸಾರ್ವಜನಿಕ ಮಾಹಿತಿ ಅಧಿಕಾರಿ' ಎಂದು ವಿಳಾಸ ಬರೆದರೆ ಸಾಕು. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಏಕೆ ಬೇಕು ಎಂಬ ಕಾರಣ ಹೇಳಬೇಕಾಗಿಲ್ಲ. ಕಾಯಿದೆಯ ಪದ 'ನಾಗರಿಕ', ವಯಸ್ಸಿನ ಮಾತಿಲ್ಲ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಧಾರಣವಾಗಿ 150 ಪದಗಳೊಳಗೆ. ಇದು ಕಿರಿಕಿರಿ ಎನಿಸಬಹುದು. ನನಗೆ ಅದರಲ್ಲಿ ಪ್ರಯೋಗಾಲಯದ ಶಿಸ್ತು ಕಾಣುತ್ತದೆ. "ನಮ್ಮ ಊರಿನ ಎಲ್ಲ ಕೇಸುಗಳ ವಿವರ ಕೊಡಿ" ಎಂದರೆ ಯಾರೂ ಕೊಡಲಾರರು. "ಇಂಥ ವರ್ಷ, ಇಂಥ ತಿಂಗಳು, ಇಂಥ ಗ್ರಾಮದ ಜಾಗದ ತಕರಾರಿನ ಬಗ್ಗೆ ದಾಖಲಾದ ಎಫ್‌ಐಆರ್‌ನ ದೃಢೀಕೃತ ನಕಲು" ಎಂದರೆ ಕಪಾಟು ತೆರೆಯಲು ದಾರಿಯಾಗುತ್ತದೆ. 'ಏಕೆ ಹೀಗೆ ಮಾಡಿದಿರಿ' ಎಂದು ಕೇಳಬೇಡಿ. ಕಾಯಿದೆ ಕೊಡುವುದು ದಾಖಲೆಯಲ್ಲಿ ಇರುವುದನ್ನು. ಹೊಸ ಎಫ್‌ಐಆರ್‌ಗಾದರೆ ಅರ್ಜಿಯೇ ಬೇಡ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ.

ಉತ್ತರಕ್ಕೆ 30 ದಿನ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. "ತನಿಖೆ ನಡೆಯುತ್ತಿದೆ, ಕೊಡಲಾಗದು" ಎಂಬ ಉತ್ತರ ಬಂದರೆ ನಿರಾಶರಾಗಬೇಡಿ. ತನಿಖೆ ಇದೆ ಎಂದಷ್ಟೇ ಹೇಳಿದರೆ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಎಂಬುದನ್ನು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಮೇಲಿನ ಅಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗ. ಆದರೆ ಸುಳಿವು ಕೊಟ್ಟವನ ಹೆಸರನ್ನು ಕೇಳಬೇಡಿ. ಅದನ್ನು ಕಾಯಿದೆ ಕಾಪಾಡುತ್ತದೆ, ಕಾಪಾಡಲೇಬೇಕು.

ಅಜ್ಜನ ಕಾಲದ ಕೇಸಿಗೆ ಬರೋಣ. 20 ವರ್ಷಕ್ಕಿಂತ ಹಿಂದಿನ ಘಟನೆಯಾದರೆ ತನಿಖೆಯ ನೆಪವೂ ನಡೆಯುವುದಿಲ್ಲ. ಅಲ್ಲಿ ಎದುರಾಗುವ ತೊಂದರೆ ಬೇರೆ. ಹಳೆಯ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶಮಾಡುವ ಪದ್ಧತಿ ಇದೆ. 'ಲಭ್ಯವಿಲ್ಲ' ಎಂದರೆ ನಾಶಮಾಡಿದ ಆದೇಶದ ನಕಲನ್ನೇ ಕೇಳಿ. ಅದೂ ಒಂದು ದಾಖಲೆಯೇ ತಾನೆ. ಮೊಕದ್ದಮೆ ನಡೆದಿದ್ದರೆ ನ್ಯಾಯಾಲಯದ ನಕಲು ವಿಭಾಗದಲ್ಲಿ ತೀರ್ಪು ಸಿಗಬಹುದು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತಾದ್ದರಿಂದ ಇನ್ನೂ ಹಿಂದಿನದಕ್ಕೆ ಚೆನ್ನೈಯ ಎಳುಂಬೂರಿನಲ್ಲಿರುವ ತಮಿಳುನಾಡು ದಾಖಲೆಗಾರವನ್ನೂ ವಿಚಾರಿಸಿ. ಆಗಿನ ಕಾಗದಗಳಲ್ಲಿ ಕಡಬವನ್ನು ಹುಡುಕುವಾಗ ಪುತ್ತೂರಿನ ಜೊತೆಗೆ ತಾಲೂಕಿನ ಹಳೆಯ ಹೆಸರು ಉಪ್ಪಿನಂಗಡಿ ಎಂಬುದನ್ನೂ ನೆನಪಿಡಿ.

ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ನಕಲನ್ನೂ ರಶೀದಿಯನ್ನೂ ಒಂದು ಪುಸ್ತಕಕ್ಕೆ ಅಂಟಿಸಿ ದಿನಾಂಕ ಬರೆದಿಡಿ.