ಗಡಿಯಾಚೆಯ ಬಾಣಂತಿಕೋಣೆ

2025ರ ಮೇ ತಿಂಗಳಿನಲ್ಲಿ ಶಿಡ್ಲಘಟ್ಟದ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ಎಂಟನೆಯ ತರಗತಿಯಲ್ಲಿ ಭೂಪಟ ಬರೆಯಲು ಹೇಳಿದರೆ ರಾಜ್ಯದ ಪೂರ್ವದ ಗಡಿಯನ್ನು ಅಂದಾಜಿನ ಮೇಲೆ ಎಳೆದು ಮುಗಿಸುತ್ತಿದ್ದ ಹುಡುಗ. ಈಗ ಐವತ್ತೈದು ದಾಟಿದ ಗೃಹಸ್ಥ, ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕದ ಒಡೆಯ. ಕಾಫಿ ಕುಡಿದಾದ ಮೇಲೆ ಬಂದ ಕಾರಣವನ್ನು ಹೇಳಿದರು.

"ಸಾರ್, ಮಗಳಿಗೆ ಈಗ ಐದು ತಿಂಗಳು. ಗಂಡ ಹೆಂಡತಿ ಇಬ್ಬರೂ ಅಮೆರಿಕದಲ್ಲಿ ಕೆಲಸದಲ್ಲಿದ್ದಾರೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ನಮ್ಮ ಮನೆಯವಳ ಹಟ. ಅಲ್ಲೇ ಆಗಲಿ, ಮಗುವಿಗೆ ಆ ದೇಶದ ಪೌರತ್ವ ಸಿಗುತ್ತೆ ಅಂತ ಬೀಗರ ವಾದ. ನೀವು ಇತಿಹಾಸದ ಮೇಷ್ಟ್ರು, ಏನು ಹೇಳ್ತೀರಿ?"

ನಾನು ವಕೀಲನಲ್ಲ, ವೈದ್ಯನೂ ಅಲ್ಲ. ಆದರೂ, "ನಾನೂ ಪರಸೀಮೆಯಲ್ಲಿ ಹುಟ್ಟಿದವನೇ ಕಣಯ್ಯಾ" ಎಂದೆ. ಅವರು ನಕ್ಕರು. ನಗುವ ಮಾತಾಗಿರಲಿಲ್ಲ ಅದು.

ನಮ್ಮ ತಂದೆಯವರ ಊರು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ. ತಾಯಿಯ ತವರು ಹಿಂದೂಪುರ. ನಡುವೆ ರೈಲಿನಲ್ಲಿ ಗಂಟೆಯೊಳಗಿನ ಪ್ರಯಾಣ. ಅದೇ ರಾಗಿ, ಅದೇ ಕಡಲೆಕಾಯಿ, ಎರಡೂ ಕಡೆ ಕನ್ನಡ ತೆಲುಗುಗಳೆರಡನ್ನೂ ಬೆರೆಸಿ ಆಡುವ ಜನ. ಆದರೆ 1944ರಲ್ಲಿ ನಾನು ಹುಟ್ಟಿದಾಗ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳೆಲ್ಲ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದವು. (ನಮ್ಮದೇ ಜಿಲ್ಲೆಯೆಂದು ಆದದ್ದು 2007ರಲ್ಲಿ.) ಹಿಂದೂಪುರವಾದರೋ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯದು, ಅಂದರೆ ಬ್ರಿಟಿಷ್ ಇಂಡಿಯಾ. ಕಾನೂನಿನ ಕಣ್ಣಿಗೆ ಸಂಸ್ಥಾನಗಳು ಬ್ರಿಟಿಷ್ ದೊರೆಯ ನೇರ ರಾಜ್ಯಭಾಗಗಳಲ್ಲ. ಮೈಸೂರಿನಲ್ಲಿ ಹುಟ್ಟಿದವನು ಮಹಾರಾಜರ ಪ್ರಜೆ. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟು ಪಡೆದರೆ ಅವನ ಹೆಸರಿನ ಮುಂದೆ ಬರುತ್ತಿದ್ದುದು 'ಬ್ರಿಟಿಷ್ ರಕ್ಷಿತ ವ್ಯಕ್ತಿ' ಎಂಬ ಉಪಾಧಿ. ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದವನಾದರೆ, 1914ರ ಕಾಯಿದೆಯ ಪ್ರಕಾರ, ತಂದೆ ಯಾವ ಊರಿನವನೇ ಆಗಿರಲಿ, ಜನ್ಮತಃ ಬ್ರಿಟಿಷ್ ಪ್ರಜೆ. ನಮ್ಮ ತಾಯಿ ತುಂಬಿದ ಬಸಿರಿಯಾಗಿ ರೈಲು ಹತ್ತಿದ್ದರಿಂದ ನಾನು ತಂದೆಯ ಕಡೆಯಿಂದ ಮೈಸೂರಿನವನೂ, ಹುಟ್ಟಿದ ನೆಲದ ದೆಸೆಯಿಂದ ಆರನೆಯ ಜಾರ್ಜ್ ದೊರೆಯ ಪ್ರಜೆಯೂ ಆದೆ. ಆಕೆಗೆ ಇದಾವುದೂ ತಿಳಿದಿರಲಿಲ್ಲ. ತಿಳಿದಿದ್ದುದು ಒಂದೇ: ತವರಿಗೆ ಹೋಗಬೇಕು.

ತವರನ್ನು ತೆಲುಗಿನಲ್ಲಿ 'ಪುಟ್ಟಿಲ್ಲು' ಎನ್ನುತ್ತಾರೆ, ಹುಟ್ಟಿದ ಮನೆ ಎಂದು. ವಿಚಿತ್ರವೆಂದರೆ, ಚೊಚ್ಚಲ ಮಗಳು ಹುಟ್ಟಿರುವುದು ತನ್ನ ಪುಟ್ಟಿಲ್ಲಿನಲ್ಲಲ್ಲ, ತನ್ನ ತಾಯಿಯ ಪುಟ್ಟಿಲ್ಲಿನಲ್ಲಿ! ಹೀಗೆ ತಲೆಮಾರಿನಿಂದ ತಲೆಮಾರಿಗೆ ನಮ್ಮ ಹೆಂಗಸರು ಪರಊರಿಗೆ ಹೋಗಿ ಹೆತ್ತು, ಕೂಸನ್ನು ಎತ್ತಿಕೊಂಡು ಮರಳಿದವರೇ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರಿನ ಹಿಂದಿರುವ ಮೋಕ್ಷಗುಂಡಂ ಆಂಧ್ರದ ಊರೆಂಬುದನ್ನು ನೆನೆದರೆ, ಈ ಗಡಿ ನೆಂಟಸ್ತಿಕೆಗೆ ಎಂದೂ ಅಡ್ಡಿಯಾಗಿರಲಿಲ್ಲವೆಂದು ತಿಳಿಯುತ್ತದೆ.

ಹಾಗೆಂದು ಗಡಿ ಬರಿಯ ಕಲ್ಲಾಗಿಯೂ ಇರಲಿಲ್ಲ. 1938ರ ಏಪ್ರಿಲಿನಲ್ಲಿ ಮದರಾಸು ಪ್ರಾಂತ್ಯದಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಆಳುತ್ತಿತ್ತು. ಇತ್ತ ಮೈಸೂರು ಸೀಮೆಯಲ್ಲಿ ಕಾಂಗ್ರೆಸ್ ಧ್ವಜ ಏರಿಸುವುದಕ್ಕೆ ನಿರ್ಬಂಧ. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಇನ್ನೊಂದು ಕಡೆಯಿಂದ ನೋಡಿದರೆ, ಹಿಂದೂ ಹೆಣ್ಣುಮಕ್ಕಳ ಆಸ್ತಿಹಕ್ಕಿನ ಕಾಯಿದೆಯನ್ನು ಮೈಸೂರು 1933ರಲ್ಲಿಯೇ ತಂದಿತ್ತು. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಸಂಸ್ಥಾನವಿದು. ಯಾವ ಕಡೆ ಹುಟ್ಟಿದರೆ ಲಾಭ ಎಂದು ಆಗಲೂ ಲೆಕ್ಕ ಹಾಕಬಹುದಿತ್ತು. ಯಾರೂ ಹಾಕಲಿಲ್ಲ.

ಆಸ್ಪತ್ರೆಯ ಲೆಕ್ಕವನ್ನು ಮಾತ್ರ ಹಾಕಿದರು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನ ಆಸ್ಪತ್ರೆಯಿತ್ತು. ಚಿಂತಾಮಣಿಯ ಪೂರ್ವದ ಹಳ್ಳಿಗಳ ಕೆಲವರು ಗಡಿ ದಾಟಿ ಮದನಪಲ್ಲೆಗೆ, ಅಮೆರಿಕದ ಆರ್ಕಾಟ್ ಮಿಷನ್ನಿನವರ ಮೇರಿ ಲಾಟ್ ಲೈಲ್ಸ್ ಆಸ್ಪತ್ರೆಗೆ ಬಸಿರಿಯರನ್ನು ಗಾಡಿಯಲ್ಲಿ ಕರೆದೊಯ್ದ ಕಥೆಗಳನ್ನು ಹಿರಿಯರಿಂದ ಕೇಳಿದ್ದೇನೆ. ಉಳಿದವರಿಗೆಲ್ಲ ಸೂಲಗಿತ್ತಿಯೇ ಗತಿ. ಆಕೆಗೆ ಸಲ್ಲುತ್ತಿದ್ದುದು ಒಂದು ಸೀರೆ, ಮೊರದ ತುಂಬ ಅಕ್ಕಿ, ತೆಂಗಿನಕಾಯಿ. ಚೊಚ್ಚಲ ಹೆರಿಗೆಯ ಖರ್ಚು ತವರಿನದು ಎಂಬ ಕಟ್ಟಳೆಯೇ ಆ ಕಾಲದ ವಿಮೆ.

ಆ ವಿಮೆ ಒಂದೇ ಹೆರಿಗೆಗೆ. ನನಗೆ ಮೂರು ವರ್ಷ ತುಂಬಿದಾಗ ತಾಯಿಯ ಎರಡನೆಯ ಹೆರಿಗೆ ತಂದೆಯವರ ಹಳ್ಳಿಯಲ್ಲಾಯಿತು. ಮಳೆಗಾಲ, ಹಳ್ಳ ತುಂಬಿತ್ತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಬೆಳಗಾಗುವ ಹೊತ್ತಿಗೆ ಆಕೆ ಇರಲಿಲ್ಲ. ಕೂಸು ಮೂರು ದಿನ ಬದುಕಿತ್ತಂತೆ. ನನಗೆ ಆಕೆಯ ಮುಖ ನೆನಪಿಲ್ಲ.

ಇಷ್ಟನ್ನು ನನ್ನ ವಿದ್ಯಾರ್ಥಿಗೆ ಹೇಳಿ, ಪೌರತ್ವದ ಮಾತು ಆಮೇಲಿರಲಿ, ರಾತ್ರಿ ಎರಡು ಗಂಟೆಗೆ ರಕ್ತ ಬೇಕಾದರೆ ಎಲ್ಲಿ ಸಿಗುತ್ತದೆ, ಆ ಆಸ್ಪತ್ರೆಯ ಬಿಲ್ಲನ್ನು ಕಟ್ಟುವವರು ಯಾರು ಎಂಬುದನ್ನು ಮೊದಲು ವಿಚಾರಿಸಿ ಎಂದೆ.

ಆದರೂ ಪೌರತ್ವದ ಕಥೆಯನ್ನು ಅವರು ಬಿಡಲಿಲ್ಲ, ನಾನೂ ಬಿಡುವವನಲ್ಲ. ನಮ್ಮ ಸಂವಿಧಾನದ ಪೌರತ್ವದ ವಿಧಿಗಳು ಮಿಕ್ಕ ಬಹುಭಾಗಕ್ಕೆ ಕಾಯದೆ 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಭಾರತದಲ್ಲಿ ನೆಲೆಸಿದ್ದು, ಇಲ್ಲಿ ಹುಟ್ಟಿದವನು, ಅಥವಾ ತಂದೆ ತಾಯಿಯರಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದವನು ಭಾರತದ ನಾಗರಿಕ ಎಂದವು. ಹಿಂದೂಪುರ, ಗೌರಿಬಿದನೂರುಗಳ ಭೇದ ಅಲ್ಲಿಗೆ ಅಳಿಯಿತು. ಆ ವಿಧಿಯಲ್ಲಿ ತಾಯಿಗೂ ತಂದೆಗೂ ಸಮಸ್ಥಾನವಿತ್ತೆಂಬುದನ್ನು ಗಮನಿಸಬೇಕು. ಏಕೆಂದರೆ 1955ರ ಪೌರತ್ವ ಕಾಯಿದೆ ಹೊರದೇಶದಲ್ಲಿ ಹುಟ್ಟುವ ಮಕ್ಕಳ ವಿಷಯಕ್ಕೆ ಬಂದಾಗ ತಾಯಿಯನ್ನು ಮರೆತೇಬಿಟ್ಟಿತು. ತಂದೆ ಭಾರತೀಯನಾಗಿದ್ದರೆ ಮಾತ್ರ ಮಗು ಭಾರತೀಯ. 1992ರ ಡಿಸೆಂಬರ್ 10ರವರೆಗೆ, ಮೂವತ್ತೇಳು ವರ್ಷ, ಇದೇ ನಿಯಮ ನಡೆಯಿತು.

ನನ್ನ ಸಹೋದ್ಯೋಗಿಯೊಬ್ಬರ ಮಗಳು ಚಿಂತಾಮಣಿಯಲ್ಲಿ ಓದಿ ಬೆಳೆದವಳು. ಜರ್ಮನಿಯಲ್ಲಿ ಅಲ್ಲಿಯವನನ್ನೇ ಮದುವೆಯಾಗಿ 1990ರಲ್ಲಿ ಹೆಣ್ಣುಮಗುವನ್ನು ಹೆತ್ತಳು. ಬಾಣಂತನಕ್ಕೆ ಹೋದ ಅಜ್ಜಿ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದು ಬಂದರು. ಆದರೆ ಅದೇ ಕೂಸು ಅಜ್ಜಿಯ ಮನೆಗೆ ಬರಲು ವೀಸಾ ಬೇಕಾಯಿತು. "ನನ್ನ ಮಗಳು ಹೆತ್ತದ್ದು ಪರದೇಶಿಯೇ ಹೇಗಾಯಿತು?" ಎಂದು ಆ ತಾಯಿ ಕೇಳಿದ ಪ್ರಶ್ನೆಗೆ ನಮ್ಮ ಸ್ಟಾಫ್ ರೂಮಿನಲ್ಲಿ ಉತ್ತರವಿರಲಿಲ್ಲ. ತವರಿಗೆ ಇಷ್ಟು ಮನ್ನಣೆ ಕೊಡುವ ನಾಡಿನ ಕಾಯಿದೆಯೇ ಹೀಗೆ ಎಣಿಸಿತ್ತು.

ಈಗ ತಾಯಿ ತಂದೆಯರಲ್ಲಿ ಯಾರೊಬ್ಬರು ಭಾರತೀಯರಾಗಿದ್ದರೂ ಹೊರಗೆ ಹುಟ್ಟಿದ ಮಗುವಿಗೆ ಹಕ್ಕುಂಟು. ಆದರೆ 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಅದು ತಾನಾಗಿ ಬರುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಘೋಷಿಸಲೂಬೇಕು. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರು ಇದನ್ನು ಮರೆಯಬಾರದು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶದ ಪೌರತ್ವ ಸಿಗುವುದಿಲ್ಲ, ಆದ್ದರಿಂದ ಮಗುವಿಗೆ ಭಾರತವೊಂದೇ ದಿಕ್ಕು.

ಅಮೆರಿಕದ ಮಾತು ಬೇರೆ. ಅಂತರ್ಯುದ್ಧದ ನಂತರ, 1868ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರ ಮಕ್ಕಳನ್ನು ಯಾರೂ ಪರಕೀಯರೆನ್ನದಿರಲೆಂದು ಸಂವಿಧಾನಕ್ಕೆ ಹದಿನಾಲ್ಕನೆಯ ತಿದ್ದುಪಡಿ ತಂದರು. ಆ ನೆಲದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರೆಲ್ಲ ನಾಗರಿಕರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನನ್ನು, ಚೀನಾಕ್ಕೆ ಹೋಗಿ ಮರಳಿದಾಗ, ಬಂದರಿನಲ್ಲಿ ತಡೆದರು. ಅವನು ಹಟ ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋಗಿ 1898ರಲ್ಲಿ ಗೆದ್ದನು. 1923ರಲ್ಲಿ ಅದೇ ನ್ಯಾಯಾಲಯ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು 'ಬಿಳಿಯರಲ್ಲ', ಆದ್ದರಿಂದ ಅರ್ಜಿ ಹಾಕಿ ನಾಗರಿಕರಾಗಲಾರರು ಎಂದು ತೀರ್ಪಿತ್ತಿತು. ಎಂತಹ ಸ್ಥಿತಿ ನೋಡಿ: ತಂದೆಗೆ ಎಂದಿಗೂ ಸಿಗದ ಪೌರತ್ವ ಅಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿದ ಗಳಿಗೆಯಲ್ಲೇ ಇತ್ತು. ನಮ್ಮವರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಹೆಚ್ಚಿನ ಸಂಖ್ಯೆಯಲ್ಲಿ ಹೋಗಲು ದಾರಿಯಾದದ್ದು 1965ರ ಕಾಯಿದೆಯಿಂದ.

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ತಾತ್ಕಾಲಿಕ ವೀಸಾದ ತಾಯಿಗೆ ಹುಟ್ಟಿದ ಮಗುವಿನ ತಂದೆ ನಾಗರಿಕನೋ ಹಸಿರು ಕಾರ್ಡಿನವನೋ ಅಲ್ಲದಿದ್ದರೆ ಫೆಬ್ರವರಿ 19ರಿಂದ ಆ ಮಗುವಿಗೆ ಪೌರತ್ವವಿಲ್ಲ ಎಂದಿತು. ಗಡುವಿಗೆ ಮೊದಲೇ ಸಿಸೇರಿಯನ್ ಮಾಡಿಸಿಕೊಳ್ಳಲು ಭಾರತೀಯ ದಂಪತಿಗಳು ವೈದ್ಯರನ್ನು ಕೇಳುತ್ತಿದ್ದಾರೆಂದು ಪತ್ರಿಕೆಗಳು ಬರೆದವು. ಜಾತಕದ ಮುಹೂರ್ತ ನೋಡಿ ಕೊಯ್ಯಿಸಿಕೊಳ್ಳುವವರನ್ನು ನಾನು ಇಲ್ಲಿಯೇ ಕಂಡಿದ್ದೆ; ಶ್ವೇತಭವನದ ಪಂಚಾಂಗ ಹೊಸದು. ಆದೇಶವನ್ನು ನ್ಯಾಯಾಲಯಗಳು ತಡೆದವು, ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹುಟ್ಟಿದ ನೆಲದ ಹಕ್ಕನ್ನು ಬೇರೆ ದೇಶಗಳೂ ಮೊಟಕುಗೊಳಿಸಿವೆ: ಬ್ರಿಟನ್ 1983ರಿಂದ, ನಾವೇ 1987ರಿಂದ, ಐರ್ಲೆಂಡ್ 2005ರಿಂದ.

ಐರ್ಲೆಂಡ್ ಎಂದೊಡನೆ ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಾಗುತ್ತಾರೆ. ದಂತವೈದ್ಯೆ, ಮೂವತ್ತೊಂದರ ಹರೆಯ. 2012ರ ಅಕ್ಟೋಬರಿನಲ್ಲಿ ಹದಿನೇಳನೆಯ ವಾರಕ್ಕೆ ಬಸಿರು ಕಳಚತೊಡಗಿತು. ಉಳಿಯಲಾರದ ಭ್ರೂಣವನ್ನು ತೆಗೆಯಿರೆಂದು ಕೇಳಿಕೊಂಡರೂ, ಹೃದಯ ಬಡಿತವಿರುವವರೆಗೆ ಆ ದೇಶದ ಕಾನೂನು ಬಿಡದೆಂಬ ಉತ್ತರ ಬಂದಿತು. ನಂಜೇರಿ ಗಾಲ್ವೇಯಲ್ಲಿ ತೀರಿಕೊಂಡರು. 2018ರ ಮೇ 25ರ ಜನಮತದಲ್ಲಿ ಐರಿಷ್ ಜನ ಆ ನಿಷೇಧವನ್ನು ಕಿತ್ತುಹಾಕಿದರು. ಹೆರಿಗೆಗೆ ದೇಶ ಆರಿಸುವವರು ಮಗುವಿನ ಪಾಸ್‌ಪೋರ್ಟಿನ ಬಣ್ಣ ನೋಡುತ್ತಾರೆ. ಬಸಿರಿಯ ವಿಷಯದಲ್ಲಿ ಅಲ್ಲಿಯ ವೈದ್ಯನ ಕೈ ಎಷ್ಟು ಬಿಚ್ಚಿದೆಯೆಂದು ನೋಡುವವರನ್ನು ನಾನು ಕಾಣೆ.

ಖರ್ಚಿನ ವಿಷಯವನ್ನೂ ವಿದ್ಯಾರ್ಥಿಗೆ ಹೇಳಿದೆ. ಅಮೆರಿಕದಲ್ಲಿ ನೌಕರಿಯ ವಿಮೆ ಬಸಿರನ್ನೂ ಇತರ ಕಾಯಿಲೆಗಳಂತೆಯೇ ಭರಿಸಬೇಕೆಂಬ ಕಾಯಿದೆ 1978ರದು. ಕೂಸನ್ನು ತಂದೆಯ ಅಥವಾ ತಾಯಿಯ ವಿಮೆಗೆ ಮೂವತ್ತು ದಿನಗಳೊಳಗೆ ಸೇರಿಸಬೇಕು. ನಾಮಕರಣದ ಗಡಿಬಿಡಿಯಲ್ಲಿ ಇದನ್ನು ಮರೆತವರುಂಟು. ಪ್ರವಾಸಿಗಳಿಗೆ ಮಾರುವ ವಿಮೆಗಳಾದರೋ ಸಾಮಾನ್ಯವಾಗಿ ಹೆರಿಗೆಯನ್ನು ಹೊರಗಿಡುತ್ತವೆ. ಹೆರುವುದಕ್ಕೆಂದೇ ಪ್ರವಾಸಿ ವೀಸಾ ಕೇಳಿದರೆ ಕೊಡಬಾರದೆಂದು 2020ರಲ್ಲಿ ಅಲ್ಲಿ ನಿಯಮವೂ ಬಂದಿದೆ. ಇಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಉಚಿತ.

"ಅಲ್ಲಿಯ ಪೌರತ್ವ ಬಂದರೆ ನಮ್ಮ ಹಿಪ್ಪುನೇರಳೆ ತೋಟ ಏನಾಗುತ್ತೆ ಸಾರ್?" ಎಂದರು. ರೈತನ ಪ್ರಶ್ನೆ! ನಮ್ಮಲ್ಲಿ ಇಬ್ಬಗೆಯ ಪೌರತ್ವವಿಲ್ಲ. 2006ರಿಂದ ಕೊಡುತ್ತಿರುವ ಸಾಗರೋತ್ತರ ಕಾರ್ಡ್, ಹೆಸರಿಗೆ ನಾಗರಿಕತೆಯಾದರೂ, ನಿಜವಾಗಿ ಜೀವಮಾನದ ವೀಸಾ. ಮತವಿಲ್ಲ, ವ್ಯವಸಾಯದ ಜಮೀನು ಕೊಳ್ಳುವಂತಿಲ್ಲ. ಆದರೆ ಅಜ್ಜನಿಂದ ಉತ್ತರಾಧಿಕಾರವಾಗಿ ಬಂದರೆ ಇಟ್ಟುಕೊಳ್ಳಬಹುದು. ಅವರ ಮುಖ ಸ್ವಲ್ಪ ತಿಳಿಯಾಯಿತು.

ಕೊನೆಗೆ ನಿರ್ಧರಿಸಿದವಳು ಮಗಳೇ. ತನ್ನದೇ ನೌಕರಿಯ ವಿಮೆಯಿದೆ, ತನ್ನನ್ನು ಮೊದಲಿನಿಂದ ನೋಡಿದ ವೈದ್ಯೆ ಇದ್ದಾರೆ, ಏಳನೆಯ ತಿಂಗಳಲ್ಲಿ ವಿಮಾನ ಹತ್ತುವುದಿಲ್ಲ ಎಂದಳಂತೆ. ಹಾಗಾಗಿ ತವರೇ ಅವಳಲ್ಲಿಗೆ ಹೋಯಿತು. ಮೆಂತ್ಯ, ಒಣಶುಂಠಿ, ಬಾಣಂತಿ ಲೇಹ್ಯ, ಹಳೆಯ ಹತ್ತಿ ಸೀರೆಗಳನ್ನು ಕಟ್ಟಿಕೊಂಡು ನನ್ನ ವಿದ್ಯಾರ್ಥಿಯ ಹೆಂಡತಿ ಮೊದಲ ಬಾರಿಗೆ ವಿಮಾನ ಹತ್ತಿದರು. ಆಕೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಮಡಕಶಿರಾ ಎಂದಿದೆ. ಆಕೆಯ ತಾಯಿಯ ತವರು.

ಸೆಪ್ಟೆಂಬರಿನಲ್ಲಿ ದೂರವಾಣಿ ಬಂತು. ಹೆಣ್ಣುಮಗು, ಮೂರು ಕಿಲೋ, ತಾಯಿ ಮಗು ಕ್ಷೇಮ. "ಎಲ್ಲ ಚೆನ್ನಾಗಾಯಿತು ಸಾರ್," ಎಂದರು ನನ್ನ ವಿದ್ಯಾರ್ಥಿ, "ಆದರೆ ನಮ್ಮವಳು ಅಲ್ಲಿಂದ ಒಂದೇ ಸಮನೆ ಬೈತಿದ್ದಾಳೆ. ಹೆತ್ತು ಅರ್ಧ ಗಂಟೆ ಆಗಿಲ್ಲ, ಬಾಣಂತಿಗೆ ಐಸ್ ಹಾಕಿದ ನೀರು ಕುಡಿಯೋಕೆ ಕೊಟ್ಟರಂತೆ!"