ಬೆಂಗಳೂರಿನ ವಠಾರಗಳು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಡಿಮೆ ಸಂಬಳದವರು ಸಂಸಾರ ಹೂಡಲು ಸಾಧ್ಯವಾದದ್ದು ಬಹುಮಟ್ಟಿಗೆ ವಠಾರಗಳಿಂದ. ಒಂದೇ ನಿವೇಶನದಲ್ಲಿ ಸಾಲಾಗಿಯೋ ಅಂಗಳದ ಸುತ್ತಲೋ ಕಟ್ಟಿದ ಪುಟ್ಟ ಬಾಡಿಗೆ ಮನೆಗಳ ಗುಂಪೇ ವಠಾರ. ಮುಂಭಾಗದಲ್ಲಿ ಮಾಲೀಕರ ಮನೆ, ಪಕ್ಕದ ಓಣಿಯಿಂದ ಒಳಹೊಕ್ಕರೆ ಬಾಡಿಗೆದಾರರ ಮನೆಗಳು.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ಹೊಕ್ಕ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕಿಗಾಗಿ ರಸ್ತೆಗಳನ್ನು ಅಗಲವಾಗಿ ಬಿಟ್ಟು, ಮನೆಗಳ ಹಿಂದೆ ಹಿತ್ತಲಿಗೆ ಜಾಗವಿಟ್ಟಿದ್ದರು. ಆ ಹಿತ್ತಲುಗಳಲ್ಲೇ ಮುಂದೆ ವಠಾರಗಳು ಎದ್ದವು. ಸರ್ಕಾರಿ ಕಚೇರಿ, ರೈಲ್ವೆ, ಬಿನ್ನಿ ಗಿರಣಿ, 1940ರ ನಂತರ ಎಚ್‌ಎಎಲ್ ಜನರನ್ನು ಊರಿಗೆ ಸೆಳೆದವು. 1956ರಲ್ಲಿ ರಾಜ್ಯ ಒಂದಾದಾಗ ಗುಮಾಸ್ತರು, ಮೇಷ್ಟ್ರುಗಳು ಉತ್ತರದ ಜಿಲ್ಲೆಗಳಿಂದಲೂ ಬಂದರು. ಹಿತ್ತಲಲ್ಲಿ ನಾಲ್ಕು ಮನೆ ಕಟ್ಟಿಸಿದರೆ ನಿವೃತ್ತರಿಗೂ ವಿಧವೆಯರಿಗೂ ಅದೇ ಪಿಂಚಣಿಯಾಗುತ್ತಿತ್ತು.

ವಠಾರದ ಮನೆ ಎಂದರೆ ಒಂದು ಕೋಣೆ, ಅಡುಗೆಗೊಂದು ಮೂಲೆ, ಅನುಕೂಲವಿದ್ದರೆ ಚಿಕ್ಕ ಬಚ್ಚಲು. ಹಗಲು ಹಾಸಿಗೆ ಸುತ್ತಿಟ್ಟರೆ ಅದೇ ಕೋಣೆ ಊಟಕ್ಕೂ ಓದಿಗೂ ಒದಗುತ್ತಿತ್ತು. ಬಾವಿ ಅಥವಾ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಕಕ್ಕಸು ಎಲ್ಲರಿಗೂ ಸೇರಿದ್ದು. ಬಾಡಿಗೆ ಕಡಿಮೆಯಾಗಿದ್ದುದು ಈ ಹಂಚಿಕೆಯಿಂದಲೇ. ಬೆಳಗಿನ ನೀರಿಗೆ ಕೊಡಗಳನ್ನು ಸಾಲಾಗಿಟ್ಟು ಕಾಯುವುದು, ಅದರ ಸುತ್ತಲಿನ ಜಗಳ, ರಾಜಿ ಎಲ್ಲ ಹೆಂಗಸರ ಪಾಲಿಗೇ ಬರುತ್ತಿತ್ತು. ಬಾಣಂತನಕ್ಕೂ ಸಾವಿಗೂ ಪಕ್ಕದ ಮನೆಯವರು ಕರೆಯದೆ ಬರುತ್ತಿದ್ದರೆಂಬುದೂ ಅಷ್ಟೇ ನಿಜ.

ಮನೆ ಖಾಲಿಯಾದ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತಿತ್ತು. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ಬೀಳುವಷ್ಟರಲ್ಲಿ ಅನೇಕ ಸಲ ಮಾತು ಮುಗಿದಿರುತ್ತಿತ್ತು. ಬಾಡಿಗೆ ಹೇಳುವ ಮೊದಲು ಜಾತಿ, ಊಟದ ಪದ್ಧತಿ ವಿಚಾರಿಸುವುದು ಸಾಮಾನ್ಯ. ದಲಿತರಿಗೂ ಮುಸ್ಲಿಮರಿಗೂ ಈ ಬಡಾವಣೆಗಳ ಎಷ್ಟೋ ಬಾಗಿಲುಗಳು ತೆರೆಯಲೇ ಇಲ್ಲ. ವಠಾರದ ಆತ್ಮೀಯತೆಯನ್ನು ಕೊಂಡಾಡುವಾಗ ಈ ಅನ್ಯಾಯವನ್ನು ಬದಿಗಿಡಬಾರದು.

1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರನ್ನು ಮನಬಂದಂತೆ ಹೊರಹಾಕುವುದಕ್ಕೆ ತಡೆಯೊಡ್ಡಿತು. ಬಡ ಸಂಸಾರಗಳಿಗೆ ಅದು ದೊಡ್ಡ ಆಸರೆ. ಆದರೆ ಬಾಡಿಗೆ ಏರದ ಕಡೆ ಮಾಲೀಕರು ಹೆಂಚು ಬದಲಿಸಲು, ಸುಣ್ಣ ಹೊಡೆಸಲು ಮನಸ್ಸು ಮಾಡಲಿಲ್ಲ. ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ಹಲವು ಮಾಲೀಕರು ದೊಡ್ಡ ಮೊತ್ತ ಪಡೆದು ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವ ಭೋಗ್ಯದ ದಾರಿ ಹಿಡಿದರು. ಹತ್ತು ತಿಂಗಳ ಮುಂಗಡ, ಹನ್ನೊಂದು ತಿಂಗಳ ಕರಾರು ರೂಢಿಯಾದವು. 1961ರ ಕಾಯ್ದೆಯ ಜಾಗಕ್ಕೆ ಬಂದ 1999ರ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗೂ ಮೀರಿದ ಬಾಡಿಗೆಯ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು.

ಅಷ್ಟರಲ್ಲಿ ಮನೆಗಿಂತ ನೆಲಕ್ಕೆ ಬೆಲೆ ಹೆಚ್ಚಾಗಿತ್ತು. ಆಸ್ತಿ ಪಾಲಾದಾಗ ವಾರಸುದಾರರು ವಠಾರ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಕೊಟ್ಟರು. ಇಂದು ಮಲ್ಲೇಶ್ವರ, ಬಸವನಗುಡಿಗಳಲ್ಲಿ ಒಂಟಿ ಕೋಣೆ ಹುಡುಕುವವರಿಗೆ ಸಿಗುವುದು ತಾರಸಿಯ ಮೇಲಿನ ರೂಮು, ಪಿ.ಜಿ., ಇಲ್ಲವೇ ಸ್ಟುಡಿಯೊ ಅಪಾರ್ಟ್‌ಮೆಂಟ್. ನಲ್ಲಿ, ಕಕ್ಕಸು ಒಳಗೇ ಇರುವ ಸ್ಟುಡಿಯೊ ವಠಾರದ ಮನೆಗಿಂತ ಎಷ್ಟೋ ನೆಮ್ಮದಿಯದು. ಗುಮಾಸ್ತನ ಸಂಬಳಕ್ಕೆ ಮಾತ್ರ ಅದು ನಿಲುಕುವುದಿಲ್ಲ. ಉಳಿದಿರುವ ಕೆಲವೇ ವಠಾರಗಳಲ್ಲಿ ಹಳೆಯ ಬಾಡಿಗೆದಾರರು ಇನ್ನೂ ಇದ್ದಾರೆ. ಅವರು ಬಿಟ್ಟ ಮನೆಗೆ ಹೊಸಬರನ್ನು ಸೇರಿಸಿಕೊಳ್ಳುವ ಮಾಲೀಕರು ವಿರಳ.